ಆಖೀಲ್ ಡೆಪ್ರೇಟರ್‌ನ ಸೀಮೆಸುಣ್ಣದ ಗೆರೆಗಳು

ಹೇರ್‌ವೆಲ್ಡೆಯ ಚರ್ಚಿನ ಎದುರು ಆಲೂಗಡ್ಡೆ ಫ್ರೈ ಗಾಡಿ ಇಟ್ಟುಕೊಂಡಿರುವ ವೀರ್ಲೆ ಡೆಪ್ರೇಟರ್ ಧರ್ಮಿಷ್ಠೆ. ಪೊಲೀಸರಿಗೂ ಅದೇ ಅಳತೆ, ಕುಡುಕರಿಗೂ ಅದೇ ಅಳತೆ. ಎರಡು ಸಲ ಕರಿದು, ಉಪ್ಪು ಉದುರಿಸಿ, ಕಾಗದದ ಪೊಟ್ಟಣ ತುಂಬಿದ ಮೇಲೂ ಒಂದು ಹಿಡಿ ಹೆಚ್ಚಿಗೆ ಸುರಿಯುವುದು ಅವಳ ಪದ್ಧತಿ. ಇಡೀ ಊರಿನಲ್ಲಿ ಈ ಧರ್ಮ ಒಬ್ಬನಿಗೆ ಮಾತ್ರ ಅನ್ವಯಿಸುತ್ತಿರಲಿಲ್ಲ. ಓಮೇರ್ ವಾನ್ನೆಸ್ತೆ ಬಂದು ನಿಂತರೆ ಅವಳ ಸೌಟು ಬುಟ್ಟಿಯ ತಳಕ್ಕೆ ಇಳಿಯುತ್ತಿತ್ತು. ಮುರಿದ ತುಂಡು, ಸೀದ ಚೂರು, ಬೆಳಿಗ್ಗೆಯಿಂದ ಎಣ್ಣೆಯಲ್ಲಿ ತಪಸ್ಸು ಮಾಡಿದ ತುದಿಗಳು ಅವನ ಪೊಟ್ಟಣಕ್ಕೆ ಬೀಳುತ್ತಿದ್ದವು. ಮೇಯನೇಸ್ ಅವನಿಗೆ ಬೆರಳುಗುರಿನಷ್ಟು.

ಮೂರು ವರ್ಷ ಹೀಗೆ ನಡೆಯಿತು. ಓಮೇರ್ ಪ್ರತಿ ಶುಕ್ರವಾರ ಬಂದ, ತಿಂದ, ತುಟಿ ಒರೆಸಿಕೊಂಡು, "ಕರುಂ ಕುರುಂ ಅಂತಿದೆ, ನಂಗೆ ಹಿಂಗೇ ಇಷ್ಟ" ಎಂದು ಹೋದ. ಶತ್ರುವಿಗೆ ತಾನು ಶಿಕ್ಷೆ ಅನುಭವಿಸುತ್ತಿದ್ದೇನೆಂದು ಗೊತ್ತೇ ಆಗದಿದ್ದರೆ ಸೇಡು ತೀರಿಸಿಕೊಳ್ಳುವವರ ಹೊಟ್ಟೆ ಹೇಗೆ ಉರಿಯುತ್ತದೆಂದು ವೀರ್ಲೆಯನ್ನು ಕೇಳಬೇಕು.

ಓಮೇರ್ ಊರಿನ ಫಿಂಚ್ ಹಕ್ಕಿ ಸಂಘದ ಅಧ್ಯಕ್ಷ. ಬೇರೆ ಊರುಗಳಲ್ಲಿ ಸೈಕಲ್ಲು, ಫುಟ್‌ಬಾಲು ಇರಬಹುದು. ಹೇರ್‌ವೆಲ್ಡೆಯಲ್ಲಿ ಗಂಡಸಿನ ಮಾನ ಗುಬ್ಬಚ್ಚಿ ಗಾತ್ರದ ಹಕ್ಕಿಯೊಂದರ ಗಂಟಲಿನಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬೀದಿಯ ಉದ್ದಕ್ಕೂ ಎರಡೆರಡು ಮೀಟರಿಗೆ ಒಂದೊಂದು ಮರದ ಡಬ್ಬಿ ಇಡುತ್ತಾರೆ. ಒಳಗೆ ಹಕ್ಕಿ, ಅದು ಯಾರಿಗೂ ಕಾಣುವುದಿಲ್ಲ, ಅದಕ್ಕೆ ಯಾರೂ ಕಾಣುವುದಿಲ್ಲ. ಒಂದು ಗಂಟೆಯಲ್ಲಿ ಯಾವ ಹಕ್ಕಿ ಹೆಚ್ಚು ಸಲ 'ಸುಸ್ಕವೀಟ್' ಎನ್ನುತ್ತದೋ ಅದು ಗೆದ್ದಂತೆ. ಕೊನೆಯ 'ವೀಟ್' ಸ್ವಚ್ಛವಾಗಿ ಕೇಳಬೇಕು. ಬಾಲ ನುಂಗಿದ ಕೂಗು ಲೆಕ್ಕಕ್ಕಿಲ್ಲ.

ಆಟದ ಮರ್ಮವೆಲ್ಲ ಎಣಿಕೆಯಲ್ಲಿದೆ. ತನ್ನ ಹಕ್ಕಿಯ ಕೂಗನ್ನು ಯಾರೂ ತಾನೇ ಎಣಿಸುವಂತಿಲ್ಲ. ಚೀಟಿ ಎತ್ತಿದ ಕ್ರಮದಲ್ಲಿ ಸಾಲಾಗಿ ಡಬ್ಬಿ ಇಟ್ಟಮೇಲೆ ಪ್ರತಿಯೊಬ್ಬರೂ ಒಂದು ಕುರ್ಚಿ ಪಕ್ಕಕ್ಕೆ ಸರಿದು ನೆರೆಯವನ ಡಬ್ಬಿಯ ಮುಂದೆ ಕೂರುತ್ತಾರೆ. ಮಡಿಲಲ್ಲಿ ಕಪ್ಪು ಬಣ್ಣ ಬಳಿದ ಉದ್ದನೆಯ ಕೋಲು, ಕೈಯಲ್ಲಿ ಸೀಮೆಸುಣ್ಣ. ಒಂದು ಕೂಗಿಗೆ ಒಂದು ಗೆರೆ. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಹೀಗೆ ಒಬ್ಬನ ಗೆಲುವು ಇನ್ನೊಬ್ಬನ ಕಿವಿಯಲ್ಲಿ, ಇನ್ನೊಬ್ಬನ ಬೆರಳ ತುದಿಯಲ್ಲಿ ಇರುತ್ತದೆ. ಹೆಂಡತಿಯ ವಿಷಯದಲ್ಲಿ ಸುಳ್ಳು ಹೇಳಿದವನನ್ನು ಹೇರ್‌ವೆಲ್ಡೆ ಕ್ಷಮಿಸುತ್ತದೆ, ಗೆರೆಯ ವಿಷಯದಲ್ಲಿ ಸುಳ್ಳು ಹೇಳಿದವನನ್ನು ಕ್ಷಮಿಸುವುದಿಲ್ಲ.

ವೀರ್ಲೆಯ ತಾತ ಆಖೀಲ್ ಐವತ್ತೆಂಟು ವರ್ಷ ಈ ಕೋಲು ಹಿಡಿದಿದ್ದ. ವೀರ್ಲೆಯನ್ನು ಸಾಕಿದವನೂ ಅವನೇ. ಎಂಬತ್ತೊಂದನೆಯ ವಯಸ್ಸಿನ ಒಂದು ಮೇ ತಿಂಗಳ ಭಾನುವಾರ ಅವನಿಗೆ ಓಮೇರನ ಹಕ್ಕಿ ಎಣಿಸುವ ಸರದಿ ಬಂತು. ಆಖೀಲನ ಕೋಲಿನಲ್ಲಿ ಇನ್ನೂರ ಎಂಬತ್ತೆಂಟು ಗೆರೆ ಬಿದ್ದವು. ಪಕ್ಕದಲ್ಲೇ ಕೂತಿದ್ದ ಓಮೇರ್ ಎದ್ದು ನಿಂತು ಕಿರುಚಿದ:

"ಮುನ್ನೂರ ಮೂವತ್ತಕ್ಕೆ ಒಂದು ಕಮ್ಮಿಯಿಲ್ಲ! ನನ್ನ ಕಿವಿಯಾರೆ ಕೇಳಿದೀನಿ. ನಲವತ್ತು ಕೂಗು ನುಂಗಿ ನೀರು ಕುಡಿದಿದೀಯ, ಆಖೀಲ್!"

"ನಡುವೆ ನಿನ್ನ ಹಕ್ಕಿ ಸುಮ್ಮನಿತ್ತಪ್ಪ," ಎಂದ ಆಖೀಲ್. "ಅನುಮಾನ ಇದ್ರೆ ಪರೀಕ್ಷೆ ಮಾಡು. ಯಾವ ಹಕ್ಕಿ ಬೇಕಾದ್ರೂ ಇಡು ನನ್ನ ಮುಂದೆ."

"ಎಂಬತ್ತೊಂದು ವರ್ಷದ ಕಿವಿಗೆ ಪರೀಕ್ಷೆ ಯಾಕೆ? ಹುಟ್ಟಿದ ತಾರೀಕು ನೋಡಿದ್ರೆ ಸಾಕು."

ಸಮಿತಿ ಕೂತಿತು. ಸಮಿತಿಯೆಂದರೆ ಓಮೇರ್, ಓಮೇರನ ಭಾವಮೈದ, ಓಮೇರನ ಬಾಡಿಗೆದಾರ, ಮತ್ತು ಯಾರಿಗೂ ಎದುರು ಹೇಳದ ಕಾರ್ಯದರ್ಶಿ ಕಾಮಿಯೆಲ್. ನಡಾವಳಿ ಪುಸ್ತಕದಲ್ಲಿ ಬರೆದರು: 'ಆಖೀಲ್ ಡೆಪ್ರೇಟರ್ ಅವರ ಗೆರೆ ನಂಬಿಕೆಗೆ ಅರ್ಹವಲ್ಲ. ಸೀಮೆಸುಣ್ಣ ಹಿಂದಕ್ಕೆ ಪಡೆಯಲಾಗಿದೆ.' ಎಣಿಸಲಾಗದವನು ಹಕ್ಕಿಯನ್ನೂ ಇಡುವಂತಿಲ್ಲ. ಆಖೀಲ್ ಜೇಬಿನಿಂದ ತುಂಡು ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟು ಮನೆಗೆ ಬಂದ. ಸೆಪ್ಟೆಂಬರಿನಲ್ಲಿ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ಓಮೇರ್ ನಿಲ್ಲಿಸಿದ ಎಂದಳು ವೀರ್ಲೆ.

ಶವಸಂಸ್ಕಾರದ ನಂತರದ ಕಾಫಿಗೆ ಓಮೇರನೂ ಬಂದಿದ್ದ. ಹ್ಯಾಮ್ ಇಟ್ಟ ಬನ್ನು ನಾಲ್ಕು ತಿಂದ. ವೀರ್ಲೆ ಎಣಿಸಿದಳು. ಐದನೆಯದಕ್ಕೆ ಕೈ ಹಾಕುತ್ತ ಆಖೀಲನ ಹೆಂಡತಿ ಇರ್ಮಾ ಅಜ್ಜಿಗೆ, "ಪಾಪ, ಕೊನೆಕೊನೆಗೆ ಕಿವಿ ಕೈಕೊಡ್ತು ನೋಡಿ" ಎಂದ.

"ಕಿವಿ ಕೈಕೊಟ್ಟಿತ್ತಾ?" ಎಂದಳು ಅಜ್ಜಿ. "ಅಡುಗೆಮನೇಲಿ ನಾನು ಚಾಕಲೇಟ್ ಡಬ್ಬಿ ಮುಚ್ಚಳ ತೆಗೆದ್ರೆ ತೋಟದ ಮೂಲೆಯಿಂದ ಓಡಿ ಬರ್ತಿದ್ದ ಮನುಷ್ಯ ಅವನು!"

ಅಲ್ಲಿಯೇ, ಬನ್ನಿನ ತಟ್ಟೆಯ ಪಕ್ಕದಲ್ಲೇ, ವೀರ್ಲೆಯ ಶಪಥ ಆಯಿತು. ಇವನ ಬಾಯಿಂದಲೇ, ಇವನ ಮೈಕಿನಲ್ಲೇ, ಇಡೀ ಸಂಘದ ಮುಂದೆ ಡೆಪ್ರೇಟರ್ ಹೆಸರು ತಲೆ ಎತ್ತಿ ಹೊರಬರಬೇಕು. ದ್ವಾಪರಯುಗವಾಗಿದ್ದರೆ ಅಲ್ಲಿಯವರೆಗೆ ಮುಡಿ ಕಟ್ಟುವುದಿಲ್ಲ ಎನ್ನಬಹುದಿತ್ತು. ಆದರೆ ಬಿಚ್ಚಿದ ಕೂದಲಿನಲ್ಲಿ ಎಣ್ಣೆ ಬಾಂಡಲಿಯ ಮುಂದೆ ನಿಲ್ಲುವುದನ್ನು ಆರೋಗ್ಯ ಇಲಾಖೆ ಒಪ್ಪುವುದಿಲ್ಲ. ಅದಕ್ಕೇ ಅವಳು ಕೂದಲನ್ನು ಇನ್ನಷ್ಟು ಬಿಗಿದು ಕಟ್ಟಿ ಮನೆಗೆ ಹೋಗಿ ತಾತನ ಹಕ್ಕಿಯ ಮುಂದೆ ಕೂತಳು.

ಆ ಹಕ್ಕಿಯ ಹೆಸರು ಬಿಷಪ್. ಹತ್ತು ನಿಮಿಷ ಉಪದೇಶ ಮಾಡಿ, ಜನ ಕೇಳುತ್ತಿದ್ದಾರೋ ಇಲ್ಲವೋ ಎಂದು ನೋಡುವವರ ಹಾಗೆ ಮೌನವಾಗುವ ದುರಭ್ಯಾಸ ಅದಕ್ಕಿತ್ತು. ಅಲ್ಲಿಯವರೆಗೆ ಭಾನುವಾರವೆಂದರೆ ಹನ್ನೊಂದರವರೆಗೆ ನಿದ್ದೆ ಎಂದು ತಿಳಿದಿದ್ದ ವೀರ್ಲೆ ಐದು ಗಂಟೆಗೆ ಏಳತೊಡಗಿದಳು. ಕಾಳು ಬದಲಿಸಿದಳು, ನೀರು ಬದಲಿಸಿದಳು, ಡಬ್ಬಿಯನ್ನು ಪೂರ್ವದ ಕಿಟಕಿಗೆ ಸರಿಸಿದಳು. ಆಲೂಗಡ್ಡೆ ಕರಿಯುತ್ತ ಕರಿಯುತ್ತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಭ್ಯಾಸ ಮಾಡಿದಳು. ಗಿರಾಕಿಗಳು ಅದನ್ನು ತಮ್ಮ ಸಾಲದ ಪಟ್ಟಿಯೆಂದು ತಿಳಿದು ಅವಸರವಾಗಿ ಚಿಲ್ಲರೆ ಕೊಟ್ಟರು. ಎರಡನೆಯ ವರ್ಷ ಬಿಷಪ್‌ಗೆ ಹದಿನಾಲ್ಕನೆಯ ಸ್ಥಾನ. ಬಹುಮಾನವೆಂದು ಒಂದು ಕುಂಡ ಸಿಕ್ಕಿತು, ಅದರಲ್ಲಿ ಅರ್ಧ ಸತ್ತ ಜೆರೇನಿಯಂ ಗಿಡ. ಅಧ್ಯಕ್ಷ ಮೈಕಿನಲ್ಲಿ ಹೆಸರು ಕೂಗುವುದು ಮೊದಲ ಮೂವರದು ಮಾತ್ರ.

ಮೂರನೆಯ ವರ್ಷ ಅವಳು ಅಧ್ಯಕ್ಷರ ಮುಂದೆ ನಿಂತಳು.

"ತಾತನ ಹೆಸರಲ್ಲಿ ಒಂದು ಪಂದ್ಯ ಇಡಿ, ಅಧ್ಯಕ್ಷರೇ."

"ಸೀಮೆಸುಣ್ಣ ಕಸಿದುಕೊಂಡವನ ಹೆಸರಲ್ಲಾ? ಜನ ನಗ್ತಾರೆ ಹುಡುಗಿ."

"ಇಡೀ ಸಂಘಕ್ಕೆ ಫ್ರೈ ಬಿಟ್ಟಿ."

ಓಮೇರ್ ಸ್ವಲ್ಪ ಯೋಚಿಸಿದ. "ಸತ್ತವರ ಮೇಲೆ ದ್ವೇಷ ಸಾಧಿಸೋ ಜಾತಿ ನಂದಲ್ಲ," ಎಂದ. "ಕರುಂ ಕುರುಂ ಅನ್ನೋದೇ ಕೊಡ್ಬೇಕು."

ಹೀಗೆ ಮೇ ತಿಂಗಳ ಎರಡನೆಯ ಭಾನುವಾರ 'ಆಖೀಲ್ ಡೆಪ್ರೇಟರ್ ಸ್ಮಾರಕ ಪಂದ್ಯ' ನಿಗದಿಯಾಯಿತು. ಮೂವತ್ತನಾಲ್ಕು ಡಬ್ಬಿಗಳು ಚರ್ಚಿನಿಂದ ಬೇಕರಿಯವರೆಗೆ ಸಾಲುಗಟ್ಟಿದವು. ಚೀಟಿ ಎತ್ತಿದರು. ಅದೃಷ್ಟ ದೇವತೆಗೆ ಅವತ್ತು ತಮಾಷೆ ಬೇಕಾಗಿತ್ತೇನೋ, ಬಿಷಪ್‌ನ ಡಬ್ಬಿಯ ಮುಂದಿನ ಕುರ್ಚಿಗೆ ಓಮೇರನೇ ಬಂದು ಕೂತ. ವೀರ್ಲೆ ಅದರ ಪಕ್ಕದಲ್ಲಿ ಕಾಮಿಯೆಲ್‌ನ ಹಕ್ಕಿಯ ಮುಂದೆ ಕೂತಳು.

"ಹೆದರ್ಬೇಡ," ಎಂದ ಓಮೇರ್ ಕೋಲು ಒರೆಸುತ್ತ. "ನನ್ನ ಕೋಲಿನಲ್ಲಿ ಕೂಗು ಕಳೆದುಹೋಗಲ್ಲ. ನಿಮ್ಮ ಮನೆತನದ ಹಾಗಲ್ಲ."

ಬಾವುಟ ಏರಿತು. ಬೀದಿ ನಿಶ್ಶಬ್ದವಾಯಿತು.

ಬಿಷಪ್ ಅವತ್ತು ಬಿಷಪ್ ಆಗಿರಲಿಲ್ಲ, ಸಾಕ್ಷಾತ್ ಪೋಪ್ ಆಗಿತ್ತು. ಸುಸ್ಕವೀಟ್, ಸುಸ್ಕವೀಟ್, ಸುಸ್ಕವೀಟ್! ಮಗ್ಗದ ಲಾಳಿ ಓಡಿದ ಹಾಗೆ ಒಂದೇ ಸಮ. ಎಣಿಸುವವರಿಗೆಲ್ಲ ಒಂದು ಕಿವಿ ಎದುರಿನ ಡಬ್ಬಿಯ ಮೇಲಿದ್ದರೆ ಇನ್ನೊಂದು ತಮ್ಮ ಹಕ್ಕಿಯ ಮೇಲೆ. ವೀರ್ಲೆಯ ಕೈ ಕಾಮಿಯೆಲ್‌ನ ಹಕ್ಕಿಗೆ ಗೆರೆ ಎಳೆಯುತ್ತಿದ್ದರೂ ಎಡಗಿವಿ ಬಿಷಪ್‌ನ ಪಾದದ ಬಳಿ ಮಂಡಿಯೂರಿತ್ತು. ಅರ್ಧ ಗಂಟೆ ಹೀಗೆಯೇ. ಮೊದಲ ಬಹುಮಾನ, ಮೈಕು, ಓಮೇರನ ಬಾಯಲ್ಲಿ ತಾತನ ಹೆಸರು, ಎಲ್ಲ ಅವಳ ಕಣ್ಣೆದುರು ಮೆರವಣಿಗೆ ಹೊರಟವು.

ಮೂವತ್ತಾರನೆಯ ನಿಮಿಷಕ್ಕೆ ಬಿಷಪ್ ನಿಂತಿತು.

'ಕೂಗೋ ಮಾರಾಯ,' ಎಂದು ವೀರ್ಲೆ ಒಳಗೊಳಗೇ ಬೇಡಿಕೊಂಡಳು. ಒಂದು ನಿಮಿಷ. ಮೂರು ನಿಮಿಷ. ಡಬ್ಬಿಯೊಳಗೆ ಕಾಳು ಒಡೆಯುವ ಸದ್ದು ಕೇಳಿಸಿತು. ಮಹಾಸ್ವಾಮಿಗಳು ಉಪಾಹಾರ ಮಾಡುತ್ತಿದ್ದರು! ಅಷ್ಟರಲ್ಲಿ ಅವಳಿಗೆ ಇನ್ನೊಂದು ಸದ್ದು ಕೇಳಿಸಿತು. ಟಿಕ್. ಟಿಕ್. ಟಿಕ್. ಸರ್ರನೆ ಅಡ್ಡ ಒಂದು. ಮತ್ತೆ ಟಿಕ್.

ಅವಳು ಕಣ್ಣಿನ ಅಂಚಿನಿಂದ ನೋಡಿದಳು. ಓಮೇರ್ ಕತ್ತು ಸ್ವಲ್ಪ ವಾಲಿಸಿ, ಕಣ್ಣು ಅರೆ ಮುಚ್ಚಿ, ಭಕ್ತಿಯಿಂದ ಗೆರೆ ಎಳೆಯುತ್ತಿದ್ದ. ಬಿಷಪ್ ತಿನ್ನುತ್ತಿತ್ತು, ಓಮೇರ್ ಎಣಿಸುತ್ತಿದ್ದ. ಹನ್ನೊಂದು ನಿಮಿಷದ ನಂತರ ಬಿಷಪ್ ಮತ್ತೆ ಬಾಯಿ ಬಿಟ್ಟಾಗ ಸೀಮೆಸುಣ್ಣದ ಲಯ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಬಾವುಟ ಇಳಿಯಿತು. ಹಕ್ಕಿಗಳು ಪಯಣದ ಪಂಜರ ಸೇರಿ, ಕಪ್ಪು ಬಟ್ಟೆ ಹೊದ್ದು, ವ್ಯಾನುಗಳಲ್ಲಿ ನಿದ್ದೆ ಹೋದವು. ಕೋಲುಗಳನ್ನು ಕಾಮಿಯೆಲ್ ಲೆಕ್ಕ ಹಾಕಿದ. ಕೆಫೆಯ ಅಂಗಳದಲ್ಲಿ ಬಿಯರು, ಕಾಫಿ, ವೀರ್ಲೆಯ ಬಿಟ್ಟಿ ಫ್ರೈ. ಮುಂದಿನ ಕುರ್ಚಿಯಲ್ಲಿ ಇರ್ಮಾ ಅಜ್ಜಿ. ಓಮೇರ್ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. ಮೂರನೆಯ ಸ್ಥಾನ ಯಾರದೋ. ಎರಡನೆಯದು ಅವನದೇ ಹಕ್ಕಿಗೆ, ಮುನ್ನೂರ ಎಂಬತ್ತೊಂಬತ್ತು ಕೂಗು.

"ಮೊದಲ ಸ್ಥಾನ," ಎಂದ ಓಮೇರ್. ಮುಖ ಹುಣಸೆಹಣ್ಣು ಕಚ್ಚಿದ ಹಾಗಿತ್ತು. "ನಾನೂರ ಮೂವತ್ತೊಂದು. ವೀರ್ಲೆ ಡೆಪ್ರೇಟರ್."

ಚಪ್ಪಾಳೆ. ಅಜ್ಜಿ ಕಣ್ಣೊರೆಸಿಕೊಂಡಳು. ವೀರ್ಲೆ ಬಯಸಿದ್ದೆಲ್ಲ ಆಗಿತ್ತು: ಅದೇ ಬಾಯಿ, ಅದೇ ಮೈಕು, ಅದೇ ಹೆಸರು. ಆ ಸುಖವನ್ನು ಅವಳು ಸುಮಾರು ಏಳು ಸೆಕೆಂಡು, ಬಾಯಲ್ಲಿ ಚಾಕಲೇಟ್ ಕರಗಿಸಿದ ಹಾಗೆ ಅನುಭವಿಸಿದಳು. ಆಮೇಲೆ ಅದು ಕಹಿಯಾಯಿತು. ಬಿಷಪ್ ಕೂಗಿದ್ದು ಮುನ್ನೂರ ಅರವತ್ತರ ಆಸುಪಾಸು. ಉಳಿದದ್ದು ಸುಳ್ಳು ಗೆರೆ. ಸುಳ್ಳು ಗೆರೆಯ ಮೇಲೆ ನಿಂತು ತಾತನ ಹೆಸರಿಗೆ ಹೂವು ತೆಗೆದುಕೊಂಡರೆ ನಡಾವಳಿ ಪುಸ್ತಕದ ಆ ಸಾಲಿಗೆ ತಾನೇ ಸಹಿ ಹಾಕಿದಂತೆ. ಜೊತೆಗೆ ಇನ್ನೊಂದು ವಿಚಾರ, ಹೆಚ್ಚು ರುಚಿಯಾದದ್ದು, ಅವಳ ತಲೆಯಲ್ಲಿ ಮೆಲ್ಲಗೆ ಕರಿಯಲು ಶುರುವಾಗಿತ್ತು: ಶತ್ರು ತನ್ನ ಜುಟ್ಟನ್ನು ತಾನೇ ತಂದು ಕೈಗೆ ಕೊಟ್ಟಿದ್ದಾನೆ.

"ತಪ್ಪು," ಎಂದಳು ವೀರ್ಲೆ.

ಚಪ್ಪಾಳೆ ನಿಂತಿತು.

"ಏನು ತಪ್ಪು?" ಎಂದ ಓಮೇರ್. "ನಾನೂರ ಮೂವತ್ತೊಂದು ಸಾಲದಾ ನಿಂಗೆ?"

"ಜಾಸ್ತಿ ಆಯ್ತು, ಅಧ್ಯಕ್ಷರೇ. ನನ್ನ ಹಕ್ಕಿ ಅಷ್ಟು ಕೂಗಿಲ್ಲ."

ಸಂಘದ ತೊಂಬತ್ತು ವರ್ಷದ ಇತಿಹಾಸದಲ್ಲಿ ತನ್ನ ಹಕ್ಕಿಗೆ ಗೆರೆ ಹೆಚ್ಚಾಯಿತೆಂದು ದೂರಿದವರು ಯಾರೂ ಇರಲಿಲ್ಲ. ಕಾಮಿಯೆಲ್ ಬಿಯರು ಕೆಳಗಿಟ್ಟ.

"ಬಿಸಿಲಿಗೆ ತಲೆ ಕೆಟ್ಟಿದೆ ಇವಳಿಗೆ," ಎಂದ ಓಮೇರ್. "ನನ್ನ ಕೋಲಿನ ಮೇಲೆ ಅನುಮಾನವಾ? ನನ್ನ ಕೋಲಿನ ಮೇಲೆ?"

"ಅನುಮಾನ ಇದ್ರೆ ಪರೀಕ್ಷೆ ಅಂತ ಸಂಘದ ನಿಯಮ ಇದೆಯಲ್ವಾ. ಐದೇ ನಿಮಿಷ. ಅಥವಾ ಹುಟ್ಟಿದ ತಾರೀಕು ನೋಡಿ ಮುಗಿಸಿಬಿಡೋಣ್ವಾ?"

ಯಾರೋ ಕಿಸಕ್ಕೆಂದರು. ಓಮೇರ್ ಕೆಂಪಾಗಿ, ಮೈಕು ಇಟ್ಟು, ಕುರ್ಚಿ ಎಳೆದು ಕೂತ. "ತಗೊಂಬಾ ಹಕ್ಕೀನ! ಕಾಮಿಯೆಲ್, ಗಡಿಯಾರ ಹಿಡಿ, ನೀನೂ ಒಂದು ಕೋಲು ತಗೋ. ಇನ್ನೊಬ್ಬರು ಬನ್ನಿ, ಕೋಲು ತಗೊಂಡು ನನ್ನ ಹಿಂದೆ ಕೂತ್ಕೊಳ್ಳಿ. ಇವಳ ಬಾಯಿ ಇವತ್ತು ಮುಚ್ಚಿಸ್ತೀನಿ."

ವೀರ್ಲೆಯೇ ಹೋಗಿ ಬಿಷಪ್‌ನ ಡಬ್ಬಿ ತಂದು ಸ್ಟೂಲಿನ ಮೇಲೆ ಇಟ್ಟಳು. ದೇವರ ಪೆಟ್ಟಿಗೆ ಇಡುವವರ ಹಾಗೆ, ಅಲ್ಲಾಡದ ಹಾಗೆ ಇಟ್ಟಳು. ಕಾಮಿಯೆಲ್ ಗಡಿಯಾರ ಒತ್ತಿದ.

ಅಂಗಳದಲ್ಲಿ ಅರವತ್ತು ಜನ ಉಸಿರು ಹಿಡಿದರು. ಬಾಂಡಲಿಯ ಒಲೆಯನ್ನೂ ಆರಿಸಲಾಯಿತು. ಅರ್ಧ ನಿಮಿಷ ಏನೂ ಕೇಳಿಸಲಿಲ್ಲ. ಆಮೇಲೆ ಓಮೇರನ ಸೀಮೆಸುಣ್ಣ ಕೋಲಿಗೆ ಮುಟ್ಟಿತು. ಟಿಕ್.

ಕೆಲವರು ನಕ್ಕರು, ಅಧ್ಯಕ್ಷರು ತಮಾಷೆ ಮಾಡುತ್ತಿದ್ದಾರೆಂದು. ಟಿಕ್. ಟಿಕ್. ಟಿಕ್. ಅಡ್ಡ ಒಂದು. ನಗು ನಿಂತಿತು. ಓಮೇರನ ಹಿಂದೆ ಕೂತ ಕಾಮಿಯೆಲ್ ತನ್ನ ಖಾಲಿ ಕೋಲನ್ನು ನೋಡಿದ, ಪಕ್ಕದವನ ಖಾಲಿ ಕೋಲನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ. ವೀರ್ಲೆ ತುಟಿಯ ಮೇಲೆ ಬೆರಳಿಟ್ಟಳು. ಆ ಐದು ನಿಮಿಷದ ಒಂದೊಂದು ಸೆಕೆಂಡನ್ನೂ ಅವಳು ಬಿಡದೆ ಉಂಡಳು. ಮೂರು ವರ್ಷ ಸೀದ ಚೂರು ಕೊಟ್ಟು ಸಿಗದಿದ್ದ ತೃಪ್ತಿ ಈಗ ಟಿಕ್ ಟಿಕ್ ಎಂದು ಹೊಟ್ಟೆಗೆ ಇಳಿಯುತ್ತಿತ್ತು. ಇಡೀ ಸಂಘದ ಕಣ್ಣೆದುರು ಮನುಷ್ಯನೊಬ್ಬ ಮೌನಕ್ಕೆ ಅಂಕ ಹಾಕುತ್ತಿದ್ದ, ಅದೂ ಎಷ್ಟು ಶ್ರದ್ಧೆಯಿಂದ!

"ಮುಗೀತು," ಎಂದ ಕಾಮಿಯೆಲ್, ಸಣ್ಣ ದನಿಯಲ್ಲಿ.

ಓಮೇರ್ ಕೋಲನ್ನು ಎತ್ತಿ ಹಿಡಿದ. "ಇಪ್ಪತ್ತೊಂಬತ್ತು! ಒಂದಾದ್ಮೇಲೆ ಒಂದು, ಬಾಲ ಎಲ್ಲ ಚೊಕ್ಕ. ಒಳ್ಳೇ ಹಕ್ಕಿ ಕಣಮ್ಮ, ಸುಳ್ಳು ಹೇಳ್ಬಾರ್ದು. ಕಾಮಿಯೆಲ್, ನಿನ್ನದೆಷ್ಟು?"

ವೀರ್ಲೆ ಡಬ್ಬಿಯ ಮುಂಬಾಗಿಲನ್ನು ಸರಿಸಿದಳು. ಒಳಗೆ ಕಾಳಿನ ಬಟ್ಟಲಿತ್ತು, ಕೂರುವ ಕಡ್ಡಿಯಿತ್ತು. ಹಕ್ಕಿ ಇರಲಿಲ್ಲ.

"ಬಿಷಪ್ ವ್ಯಾನಿನಲ್ಲಿ ಮಲಗಿದೆ, ಅಧ್ಯಕ್ಷರೇ," ಎಂದಳು ವೀರ್ಲೆ. "ಈಗ ಹಾಡಿದ್ದು ಯಾರು?"

ಓಮೇರ್ ಡಬ್ಬಿಯೊಳಗೆ ಬಗ್ಗಿ ನೋಡಿದ. ಕೈ ಹಾಕಿ ತಡವಿದ. ಮೂಲೆಯಲ್ಲಿ ಹಕ್ಕಿ ಅಡಗಿರಬಹುದೇನೋ ಎಂದು ಇನ್ನೊಮ್ಮೆ ತಡವಿದ. ಅವನ ಮುಖದಿಂದ ಅಧ್ಯಕ್ಷಗಿರಿ ಇಳಿದು ಹೋಗುವುದು ಹಿಂದಿನ ಸಾಲಿನವರಿಗೂ ಕಂಡಿತು.

"ಕೇಳಿಸ್ತಲ್ಲ," ಎಂದ. "ಕೇಳಿಸ್ತಾನೇ ಇರುತ್ತೆ."

"ಯಾವಾಗ್ಲೂನಾ?" ಎಂದ ಕಾಮಿಯೆಲ್.

"ಯಾವಾಗ್ಲೂ. ಊಟಕ್ಕೆ ಕೂತ್ರೂ, ಚರ್ಚಿಗೆ ಹೋದ್ರೂ. ನಾನು ಅನ್ಕೊಂಡೆ... ತೋಟದಲ್ಲಿ ಹಕ್ಕಿ ಜಾಸ್ತಿ ಆಗಿದೆ ಅಂತ."

"ಎಷ್ಟು ವರ್ಷ ಆಯ್ತು?" ಇದನ್ನು ಕೇಳಿದವಳು ಇರ್ಮಾ ಅಜ್ಜಿ.

ಓಮೇರ್ ಉತ್ತರಿಸುವ ಮೊದಲು ತನ್ನ ಉತ್ತರದ ಬೆಲೆ ಲೆಕ್ಕ ಹಾಕಿದ. ಸುಳ್ಳು ಹೇಳಬಹುದಿತ್ತು. ಆದರೆ ಎಲ್ಲರ ಕಣ್ಣೂ ಅವನ ಕೋಲಿನ ಮೇಲಿತ್ತು. "ಐದಾರು ವರ್ಷ," ಎಂದ.

ಅಂಗಳದಲ್ಲಿ ಅರವತ್ತು ತಲೆಗಳು ಒಟ್ಟಿಗೆ ಕಳೆಯುವ ಲೆಕ್ಕ ಮಾಡಿದವು. ಮೂರು ವರ್ಷದ ಹಿಂದಿನ ಮೇ ತಿಂಗಳು. ಇನ್ನೂರ ಎಂಬತ್ತೆಂಟು.

"ಹಾಗಾದ್ರೆ ಅವತ್ತು ನಿನ್ನ ಹಕ್ಕಿ ಸುಮ್ಮನಿದ್ದಿದ್ದು..." ಎಂದು ಶುರುಮಾಡಿದ ಕಾಮಿಯೆಲ್. ಹುಟ್ಟಿದಂದಿನಿಂದ ಯಾರಿಗೂ ಎದುರು ಹೇಳದವನು ಅವತ್ತು ಮಾತು ಮುಗಿಸಿದ. "ನಿಜವೇ ಓಮೇರ್. ನನಗೂ ಆಗ ಹಾಗೇ ಅನ್ಸಿತ್ತು. ಹೇಳೋ ಧೈರ್ಯ ಆಗ್ಲಿಲ್ಲ. ಆಖೀಲ್ ಸರಿಯಾಗಿ ಎಣಿಸಿದ್ದ."

"ಇರಬಹುದು," ಎಂದ ಓಮೇರ್.

"ಬಹುದು ಬೇಡ," ಎಂದಳು ವೀರ್ಲೆ. "ಪುಸ್ತಕ ತರಿಸಿ."

ನಡಾವಳಿ ಪುಸ್ತಕ ಬಂತು. ಅಷ್ಟರಲ್ಲಿ ಕಾಮಿಯೆಲ್‌ಗೆ ಇನ್ನೊಂದು ಹೊಳೆಯಿತು: ವೀರ್ಲೆಯ ನಾನೂರ ಮೂವತ್ತೊಂದು ಬಿದ್ದು ಹೋದರೆ ಮೊದಲ ಬಹುಮಾನ ನಿಯಮದಂತೆ ಎರಡನೆಯವನಿಗೆ, ಅಂದರೆ ಓಮೇರನಿಗೇ ಹೋಗಬೇಕು. ಅವನ ಹಕ್ಕಿಯನ್ನು ಎಣಿಸಿದ್ದು ಬೇಕರಿಯವನು, ಅವನ ಕಿವಿಯ ಮೇಲೆ ಯಾರಿಗೂ ಅನುಮಾನವಿಲ್ಲ.

"ಕೊಡಿ, ಕೊಡಿ," ಎಂದಳು ವೀರ್ಲೆ ಉದಾರವಾಗಿ. ತಾನೇ ಹೂಗುಚ್ಛ ಎತ್ತಿ ಶತ್ರುವಿನ ತೋಳಿಗೆ ತುರುಕಿದಳು. ಒಂದು ತೋಳಲ್ಲಿ ಮೊಳದುದ್ದದ ಗ್ಲಾಡಿಯೋಲಸ್, ಇನ್ನೊಂದು ಕೈಯಲ್ಲಿ ಮೈಕು. ಎದುರಿಗೆ ಕಾಮಿಯೆಲ್ ಹಿಡಿದ ಪುಸ್ತಕ, ಹೊಸದಾಗಿ ಬರೆದ ಸಾಲಿನ ಶಾಯಿ ಇನ್ನೂ ಒಣಗಿರಲಿಲ್ಲ. ಓದುವ ಮೊದಲು ಓಮೇರ್ ತನ್ನ ಸೀಮೆಸುಣ್ಣವನ್ನು ಮೇಜಿನ ಮೇಲೆ ಇಡಬೇಕಾಯಿತು. ಕೈ ಎರಡೂ ತುಂಬಿದ್ದರಿಂದ ವೀರ್ಲೆಯೇ ಅವನ ಜೇಬಿಗೆ ಕೈ ಹಾಕಿ ತೆಗೆದಿಟ್ಟಳು.

ಓಮೇರ್ ಓದಿದ. ಮೈಕನ್ನು ಬಾಯಿಂದ ಒಂದು ಗೇಣು ದೂರವೇ ಹಿಡಿದಿದ್ದ. "ಆಖೀಲ್ ಡೆಪ್ರೇಟರ್ ಅವರ ಗೆರೆಗಳು... ಸರಿಯಾಗಿದ್ದವು. ತಪ್ಪು ಅಧ್ಯಕ್ಷರದು."

"ಕೇಳಿಸ್ಲಿಲ್ಲ," ಎಂದಳು ವೀರ್ಲೆ.

ಓಮೇರ್ ಮತ್ತೆ ಓದಿದ, ಈ ಸಲ ಜೋರಾಗಿ. ಚರ್ಚಿನ ಗೋಪುರದಿಂದ ಪಾರಿವಾಳಗಳೆದ್ದವು. ಇರ್ಮಾ ಅಜ್ಜಿ ಕುರ್ಚಿಯಲ್ಲಿ ನೆಟ್ಟಗಾಗಿ ಕೂತಳು. ಯಾರೋ ಒಬ್ಬ ಟೋಪಿ ತೆಗೆದ, ಅದನ್ನು ನೋಡಿ ಉಳಿದವರೂ ತೆಗೆದರು.

"ಆಯ್ತಾ?" ಎಂದ ಓಮೇರ್, ಹೂವಿನ ಹಿಂದಿನಿಂದ. ಬೆವರು ಮೂಗಿನ ತುದಿಗೆ ಬಂದಿತ್ತು. "ಇನ್ನಾದ್ರೂ ಸಮಾಧಾನ ಆಯ್ತಾ ಮಗಳೇ?"

ವೀರ್ಲೆ ಪ್ರಾಮಾಣಿಕವಾಗಿ ತನ್ನ ಮನಸ್ಸನ್ನು ಮುಟ್ಟಿ ನೋಡಿಕೊಂಡಳು. ಒಳಗೆ ಕರುಣೆಗಾಗಿ ಹುಡುಕಿದಳು. ಒಂದು ಮೂಲೆಯಲ್ಲಿ ಚೂರುಪಾರು ಇತ್ತು, ಹೊರತೆಗೆಯುವಷ್ಟು ಇರಲಿಲ್ಲ. ಕುರ್ಚಿ ಎಳೆದು ಅಜ್ಜಿಯ ಪಕ್ಕದಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಕಾಫಿಗೆ ಸಕ್ಕರೆ ಕದಡಿದಳು.

"ಅಲ್ಲಿ ಬೇಕರಿ ಹತ್ರ ನಾಲ್ಕು ಜನ ಈಗ ತಾನೇ ಬಂದ್ರು ನೋಡಿ," ಎಂದಳು. "ಪಾಪ, ಅವರು ಮೊದಲಿಂದ ಕೇಳಿಲ್ಲ."